ಪಾಲಿಗೆ ಹಾಕಿದ ಕುರಿ

“ಅಜ್ಜಾರ, ಆಸ್ಟ್ರೇಲಿಯಾದ ಷೇರು ನಾಳೆ ಮುಂಜಾನೆ ಮಾರಿಬಿಡಲೋ, ಇಟ್ಕೊಳ್ಳಲೋ?”

ಪ್ರಸಾದದ ಪಂಕ್ತಿಯಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಆ ಮಠದ ಪಡಸಾಲೆಯಲ್ಲಿ ಜನ್ಮ, ಕರ್ಮ, ಮುಕ್ತಿ ಎಲ್ಲದರ ಮೇಲೂ ಪ್ರಶ್ನೆಗಳು ಬಂದಿದ್ದವು. ಆಸ್ಟ್ರೇಲಿಯಾ ಬಂದದ್ದು ಅದೇ ಮೊದಲು. ಒಂದಿಬ್ಬರು ಕಿಸಕ್ಕನೆ ನಕ್ಕರು.

ಕೇಳಿದವಳು ಮಹಾನಂದಾ. ಪರ್ತ್ ನಗರದ ಆಸ್ಪತ್ರೆಯೊಂದರಲ್ಲಿ ಹೆರಿಗೆ ಮಾಡಿಸುವ ನರ್ಸ್. ರಜೆಗೆಂದು ಬಂದವಳು ನಾಲ್ಕು ದಿನ ಗುರುಗಳ ಹತ್ತಿರ ಇದ್ದು ಹೋಗೋಣ ಎಂದು ಮಠಕ್ಕೆ ಬಂದಿದ್ದಳು. ದಿನವೂ ಮುಂಜಾನೆಯ ಪೂಜೆಗೆ ಎಲ್ಲರಿಗಿಂತ ಮೊದಲು ಎದ್ದು ಕೂರುವಳು. ಎಂಥ ಶ್ರದ್ಧೆ ಎಂದು ಮಠದವರು ಬೆರಗಾದರು. ಶ್ರದ್ಧೆಯೇನೋ ನಿಜ, ಶಿವನ ಮೇಲಲ್ಲ. ನಮ್ಮಲ್ಲಿ ಕೋಳಿ ಕೂಗುವ ಹೊತ್ತಿಗೆ ಅಲ್ಲಿ ಸಿಡ್ನಿಯ ಷೇರುಪೇಟೆಯ ಬಾಗಿಲು ತೆರೆಯುತ್ತದೆ. ಪೂಜೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಇವಳೊಬ್ಬಳ ಕಣ್ಣು ಸೆರಗಿನ ಮರೆಯ ಮೊಬೈಲಿನ ಮೇಲೆ ಇರುತ್ತಿತ್ತು.

ಪೇಟೆ ಕೆಟ್ಟಿತ್ತು. ಒಂದು ದಿನ ಏರಿದರೆ ಮೂರು ದಿನ ಇಳಿಯುವುದು. ಎಲ್ಲೋ ಯುದ್ಧವಂತೆ ಎಂದರೆ ಇಳಿಯಿತು, ಇಲ್ಲವಂತೆ ಎಂದರೆ ಏರಿತು, ಅದಿರು ಕೊಳ್ಳುವವರು ಇಲ್ಲವಂತೆ ಎಂದರೆ ಮತ್ತೆ ನೆಲ ಕಚ್ಚಿತು. ಮಹಾನಂದಾಳ ಹತ್ತಿರ ಇದ್ದದ್ದು ಒಂದು ಕಬ್ಬಿಣದ ಗಣಿಯ ಪಾಲು, ಎರಡು ಬ್ಯಾಂಕುಗಳ ಪಾಲು, ಊರೂರಿಗೂ ದಿನಸಿ ಅಂಗಡಿ ಇಟ್ಟ ಕಂಪನಿಯೊಂದರ ಪಾಲು. ಇಪ್ಪತ್ತು ವರ್ಷದ ದುಡಿಮೆ ಕಣ್ಣೆದುರಿಗೇ ಕರಗುತ್ತಿತ್ತು. ಅವಳ ಮುಂದಿನ ತಾಟಿನಲ್ಲಿ ರೊಟ್ಟಿ ಹಾಗೇ ಆರಿ ಕುಳಿತಿತ್ತು. ನಿನ್ನೆಯೂ ಹಾಗೇ ಆಗಿತ್ತು.

ಪಂಕ್ತಿಯ ನಡುವೆ ಓಡಾಡುತ್ತಿದ್ದ ಮಠದ ಗುರು ಅಡವಯ್ಯಜ್ಜ ಅವಳ ಎದುರಿಗೆ ಬಂದು ಕುಳಿತರು. ಅವರ ಬಾಯಿ ಸ್ವಲ್ಪ ಖಾರ. ಆದರೆ ಆ ಹೊತ್ತು ನಗಲಿಲ್ಲ, ಬಯ್ಯಲೂ ಇಲ್ಲ.

“ಆ ರೊಕ್ಕ ಯಾತಕ್ಕ ಇಟ್ಟಿದ್ದಿ ತಂಗೀ?”

“ನಮ್ಮೂರಾಗ ಒಂದು ಹೆರಿಗೆ ದವಾಖಾನಿ ಕಟ್ಟಾಕ. ನಮ್ಮಕ್ಕ ದವಾಖಾನಿಗೆ ಹೋಗೂ ದಾರ್‍ಯಾಗ, ಬಸ್ಸಿನ್ಯಾಗ ಜೀವ ಬಿಟ್ಟಳು. ನಿಮಗ ಗೊತ್ತೈತಿ. ಇನ್ನ ಹತ್ತು ವರ್ಷಕ್ಕ ನನ್ನ ನೌಕರಿ ಮುಗೀತೈತಿ. ಬಂದು ಕಟ್ಟಬೇಕು.”

“ಹತ್ತು ವರ್ಷದ ಮ್ಯಾಲಿನ ಅಡಗಿಗೆ ಈಗೇ ಒಲಿ ಊದಿ ಕಣ್ಣು ಕೆಂಪು ಮಾಡ್ಕೊಂಡೀ ಅನ್ನು.”

ತಾಳಿದವನು ಬಾಳಿಯಾನು ಎಂದು ಒಂದು ಗಾದೆ ಹೇಳಿ ಎದ್ದು ಹೋಗಬಹುದಿತ್ತು. ಅಜ್ಜ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಗೋಡೆಗೆ ಒರಗಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಊರಿಗೂ ಸೂಲಗಿತ್ತಿಯ ಮನೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಆಚೆಯವರು ಆಚೆ, ಈಚೆಯವರು ಈಚೆ. ಬಳೆಗಾರ್ತಿಯ ತಂಗಿ ಹೆರಿಗೆ ಬೇನೆ ತಿನ್ನುತ್ತ ಈಚೆ ದಂಡೆಯಲ್ಲೇ ಪ್ರಾಣ ಬಿಟ್ಟಳು. ಸೂಲಗಿತ್ತಿ ಆಚೆ ದಂಡೆಯಲ್ಲಿ ನಿಂತು ಎದೆ ಬಡಿದುಕೊಂಡಳು. ಅಷ್ಟೇ ಅವಳಿಂದ ಆದದ್ದು.

ಮಣ್ಣು ಮಾಡಿ ಬಂದ ದಿನ ಬಳೆಗಾರ್ತಿ ಹಳ್ಳದ ಮುಂದೆ ನಿಂತು ಆಣೆ ಇಟ್ಟಳು: “ನಿನ್ನ ಮ್ಯಾಲ ಕಲ್ಲಿನ ಸೇತುವೆ ಕಟ್ಟಿಸದಿದ್ದರ ನಾ ಬಳೆಗಾರ್ತಿನ ಅಲ್ಲ.” ಜನ ಕೇಳಿ ನಕ್ಕರು. ಬಳೆ ಮಾರಿ ಸೇತುವೆ ಕಟ್ಟಿಸುತ್ತಾಳಂತೆ, ಅಂಗೈಯಲ್ಲಿ ವೈಕುಂಠ ತೋರಿಸುತ್ತಾಳೆ ಎಂದರು. ಅವಳು ಸೊಂಟದಲ್ಲಿದ್ದ ಬೆಳ್ಳಿಯ ಡಾಬು ಮಾರಿ ಕುರಿ ಕೊಂಡಳು.

ಆ ಸೀಮೆಯಲ್ಲಿ ಕುರಿಯನ್ನು ಪಾಲಿಗೆ ಹಾಕುವ ಪದ್ಧತಿ. ಕುರಿ ನಿಮ್ಮದು, ಮೇಯಿಸುವ ದುಡಿಮೆ ಕುರಿಗಾಹಿಯದು. ಈದ ಮರಿಯಲ್ಲಿ ಅರ್ಧ ನಿಮಗೆ, ಅರ್ಧ ಅವನಿಗೆ. ಕುರಿ ಸತ್ತರೆ ಕುರಿಗಾಹಿ ಅದರ ಚರ್ಮ ತಂದು ಒಡೆಯರ ಬಾಗಿಲಲ್ಲಿ ಹಾಸಬೇಕು. ಚರ್ಮ ಬರುವವರೆಗೆ ಕುರಿ ಎಲ್ಲೋ ಮೇಯುತ್ತಿದೆ ಎಂದೇ ತಿಳಿಯಬೇಕು. ಬಳೆಗಾರ್ತಿ ತನ್ನ ಕುರಿಗಳನ್ನೆಲ್ಲ ಒಬ್ಬನಿಗೇ ಕೊಡಲಿಲ್ಲ. ಮೂರು ದಿಕ್ಕಿಗೆ ಮೇಯಿಸುವ ಮೂವರಿಗೆ ಹಂಚಿ ಹಾಕಿದಳು.

ಅದೇ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಅವನೂ ಕುರಿ ಪಾಲಿಗೆ ಹಾಕಿದ್ದ, ಅವಳಿಗಿಂತ ಹತ್ತು ಪಟ್ಟು. ಹಿಂಡು ಹೇಗಿದೆ ಎಂದು ನೋಡಲು ಒಂದು ದಿನವೂ ಅಡವಿಗೆ ಹೋದವನಲ್ಲ. ಹೋಗುತ್ತಿದ್ದದ್ದು ಮಂಗಳವಾರದ ಸಂತೆಗೆ. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಕೈಯ ಮೇಲೆ ಹೆಗಲ ಬಟ್ಟೆ, ಅಂದರೆ ವಲ್ಲಿ, ಮುಚ್ಚಿ, ಒಳಗೆ ಬೆರಳು ಹಿಡಿದು ತಿಳಿಸುತ್ತಾನೆ. ವ್ಯಾಪಾರಿಗೆ ಮಾರುವುದೂ ಇರಲಿಲ್ಲ, ಕೊಳ್ಳುವುದೂ ಇರಲಿಲ್ಲ. ಆದರೂ ವಾರ ತಪ್ಪದೆ ವಲ್ಲಿಯ ಕೆಳಗೆ ಕೈ ಹಾಕುವನು. ಬೆರಳು ಹೆಚ್ಚು ಸಿಕ್ಕ ವಾರ ಮನೆಯಲ್ಲಿ ಹೋಳಿಗೆ. ಕಡಿಮೆ ಸಿಕ್ಕ ವಾರ ಹೆಂಡತಿಯ ಮೇಲೆ ಸಿಡುಕು. ಪಾಪ, ಆ ತಾಯಿಗೆ ಹೋಳಿಗೆಯ ಕಾರಣವೂ ಗೊತ್ತಿಲ್ಲ, ಸಿಡುಕಿನ ಕಾರಣವೂ ಗೊತ್ತಿಲ್ಲ.

ಒಂದು ವರ್ಷ ಸಂತೆಗೆ ದೆವ್ವ ಹೊಕ್ಕಿತು. ಹೊಳೆಯಾಚೆ ಕುರಿಗಳಿಗೆ ಬೇನೆ ಬಿದ್ದಿದೆಯಂತೆ ಎಂದು ಒಬ್ಬ ಹೇಳಿದ. ಬೆಲೆ ಬಿತ್ತು. ಬೇನೆ ಕುರಿಗಲ್ಲ, ಕೋಳಿಗಂತೆ ಎಂದು ಇನ್ನೊಬ್ಬ ಹೇಳಿದ. ಬೆಲೆ ಏರಿತು. ಪಟ್ಟಣದ ಸಾಹುಕಾರರು ಕುರಿ ಕೊಳ್ಳುವುದನ್ನೇ ಬಿಟ್ಟರಂತೆ ಎಂದು ಮಗದೊಬ್ಬ ಹೇಳಿದ. ಬೆಲೆ ಪಾತಾಳ ಕಂಡಿತು. ಕುರಿ ಸಂತೆ ಹೋಗಿ ಅಂತೆ ಕಂತೆಗಳ ಸಂತೆಯಾಯಿತು.

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬುದು ವ್ಯಾಪಾರಿಯ ಬಾಯಲ್ಲಿ ಸದಾ ಇರುವ ಮಾತು. ತೂರಿದ. ಬಿದ್ದಾಗ ಹೆದರಿ ಮಾರಿದ. ಏರಿದಾಗ ಹೊಟ್ಟೆ ಉರಿದು ಮತ್ತೆ ಕೊಂಡ. ಮತ್ತೆ ಬಿತ್ತು, ಮತ್ತೆ ಮಾರಲು ಹೊರಟ. ಹೊಟ್ಟಿನ ಜೊತೆ ಕಾಳೂ ಹಾರಿಹೋಯಿತು. ತಾನು ಕೆಟ್ಟದ್ದು ಸಾಲದೆಂದು ಬಳೆಗಾರ್ತಿಯ ಬಾಗಿಲಿಗೂ ಬಂದ.

“ತಂಗೀ, ಇವತ್ತ ಮಾರಿಬಿಡು. ಮುಂದಿನ ಮಂಗಳವಾರ ನಿನ್ನ ಕುರಿಗೆ ಒಂದು ತಂಬಿಗಿ ಮಜ್ಜಿಗಿ ಸೈತ ಯಾರೂ ಕೊಡಾಂಗಿಲ್ಲ.”

ಬಳೆಗಾರ್ತಿಯ ಎದೆ ಧಸಕ್ಕೆಂದಿತು. ಅವಳು ಕಲ್ಲುಬಂಡೆಯಲ್ಲ, ಹೆಣ್ಣುಮಗಳು. ಇನ್ನೂ ಕಟ್ಟದ ಸೇತುವೆಯ ಕಲ್ಲುಗಳು ಒಂದೊಂದಾಗಿ ಹಳ್ಳಕ್ಕೆ ಬೀಳುವುದು ಕಣ್ಣಿಗೆ ಕಂಡಿತು. ತಂಗಿಯ ಮುಖವೂ ಕಂಡಿತು. ಸಂತೆಗೆ ಹೋಗಿ ಮಾರಿಬಿಡೋಣ ಎಂದೇ ಹೊರಟಳು. ಆದರೆ ಮಾರಬೇಕೆಂದರೆ ಕುರಿ ಬೇಕಲ್ಲ, ಅವು ಅಡವಿಯಲ್ಲಿದ್ದವು. ಹಾಗಾಗಿ ಮೊದಲು ಅಡವಿಯ ದಾರಿ ಹಿಡಿದಳು.

ಕುರಿಗಾಹಿ ಜಾಲಿ ಮರದ ನೆರಳಲ್ಲಿ ಕುಳಿತು ರೊಟ್ಟಿ, ಉಳ್ಳಾಗಡ್ಡಿ ತಿನ್ನುತ್ತಿದ್ದ. ಅವಳು ದೂರದಿಂದಲೇ ಕೂಗಿದಳು:

“ಕುರಿ ಬೆಲಿ ಅರ್ಧಕ್ಕ ಬಿದ್ದೈತಿ!”

“ಹೌದನ?” ಎಂದ ಕುರಿಗಾಹಿ. “ಕುರಿಗೆ ಹೇಳಿದಿ?”

ಅವಳಿಗೆ ಮೈಯೆಲ್ಲ ಉರಿಯಿತು. “ಚಾಷ್ಟಿ ಮಾಡಬ್ಯಾಡ. ನನ್ನ ತಂಗಿ ಸತ್ತ ಹಳ್ಳದ ಮಾತೈತಿ ಇದು” ಎಂದು ಅತ್ತೇಬಿಟ್ಟಳು.

ಕುರಿಗಾಹಿ ರೊಟ್ಟಿ ಕೆಳಗಿಟ್ಟು ಎದ್ದ. ಅವಳನ್ನು ಹಿಂಡಿನ ನಡುವೆ ಕರೆದುಕೊಂಡು ಹೋದ. ಒಂದು ಕುರಿಯನ್ನು ತಡೆದು ನಿಲ್ಲಿಸಿ, ಅದರ ಹೊಟ್ಟೆಯ ಮೇಲೆ ಅವಳ ಕೈ ಇಡಿಸಿದ. ಒಳಗಿನ ಮರಿ ಒದೆಯಿತು. ಕುರಿ ಮಾತ್ರ ತನ್ನ ಪಾಡಿಗೆ ಹುಲ್ಲು ಕೀಳುತ್ತಲೇ ಇತ್ತು.

“ನಿನ್ನ ಬಾಗಲಕ್ಕ ನಾ ಚರ್ಮ ತಂದೀನೇನು?” ಎಂದು ಕೇಳಿದ ಕುರಿಗಾಹಿ. “ತಂದ ದಿನ ಅಳು. ನಾನೂ ನಿನ್ನ ಸಂಗಾಟ ಕುಂತು ಅಳತೀನಿ.”

ಬಳೆಗಾರ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲಿಂದ ಉಳಿದ ಇಬ್ಬರ ಹಿಂಡಿಗೂ ಹೋಗಿ ಬಂದಳು. ಒಬ್ಬನ ಹಿಂಡು ಚೆನ್ನಾಗಿತ್ತು. ಇನ್ನೊಬ್ಬನು ನಿಜವಾಗಿಯೂ ಚರ್ಮಗಳನ್ನು ಹಾಸಿದ. ಕೆಸರು ನೆಲದಲ್ಲಿ ಮೇಯಿಸಬೇಡ ಎಂದರೂ ಕೇಳದೆ ಮೇಯಿಸಿದ್ದ, ಬೇನೆ ಬಿದ್ದಿತ್ತು. ಅವಳು ಅತ್ತಳು. ಅತ್ತು, ಅವನ ಹತ್ತಿರ ಉಳಿದಿದ್ದ ಗಟ್ಟಿ ಕುರಿಗಳನ್ನು ಬಿಡಿಸಿಕೊಂಡು ಬಂದು ಮೊದಲಿನ ಇಬ್ಬರಿಗೆ ಹಾಕಿದಳು. ಹೋದದ್ದಕ್ಕೆ ಅತ್ತಳೇ ಹೊರತು ಇದ್ದದ್ದಕ್ಕೆ ಅಳಲಿಲ್ಲ.

ಮುಂದಿನ ಮಂಗಳವಾರ ಸಂತೆಗೆ ಹೋದಳು. ಆ ದಿನ ಕುರಿಗಳು ಸುಮ್ಮನೆ ನಿಂತಿದ್ದವು, ಮಂದಿಯೇ ಮಂದೆಯಾಗಿದ್ದರು. ಒಬ್ಬ ಮಾರಿದನೆಂದು ಇನ್ನೊಬ್ಬ, ಇನ್ನೊಬ್ಬ ಮಾರಿದನೆಂದು ಹತ್ತು ಜನ. ಬಳೆಗಾರ್ತಿ ಆ ನೂಕುನುಗ್ಗಲಿನ ನಡುವೆ ಕುರಿಗಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತ ನಡೆದಳು. ಆಮೇಲೆ ವಲ್ಲಿಯ ಕೆಳಗೆ ಕೈ ಹಾಕಿದಳು. ಮಾರಲು ಬಂದಿದ್ದಾಳೆ ಎಂದುಕೊಂಡ ದಲ್ಲಾಳಿ. ಅವಳು ಕೊಂಡಳು. ಬಳೆ ಮಾರಿ ಉಳಿದದ್ದರಲ್ಲಿ ವ್ಯಾಪಾರಿಯ ಗಬ್ಬದ ಕುರಿಗಳನ್ನೇ ಕೊಂಡಳು. ವ್ಯಾಪಾರಿ ರೊಕ್ಕ ಎಣಿಸಿಕೊಳ್ಳುತ್ತ, ಹುಚ್ಚು ಹಿಡಿದಿದೆ ಇವಳಿಗೆ ಎಂದು ನಕ್ಕ.

ಅಂದಿನಿಂದ ಅದೇ ಅವಳ ನೇಮವಾಯಿತು. ಬಳೆ ಮಾರಿ ಉಂಡು ಉಳಿದದ್ದು ಕುರಿಗೆ. ಬೆಲೆ ಏರಿದಾಗ ಒಂದು ಬಂತು, ಇಳಿದಾಗ ಅದೇ ರೊಕ್ಕಕ್ಕೆ ಎರಡು ಬಂದವು. ಕುರಿ ಈದವು, ಮರಿ ದೊಡ್ಡವಾಗಿ ಅವೂ ಈದವು. ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಎಂದು ಊರವರು ಕೊಂಕಾಡಿದರು. ಆಡಲಿ ಬಿಡಿ. ಪಾಲಿಗೆ ಹಾಕಿದವಳಿಗೆ ಕುರುಬನ ಲಾಭ ಕಂಡು ಯಾಕೆ ಉರಿಯಬೇಕು? ಅವನು ಬೆಳೆದರೆ ತಾನೇ ಅವಳು ಬೆಳೆಯುವುದು?

ವರ್ಷಗಳು ಉರುಳಿದವು. ಅವಳ ತಲೆ ಬೆಳ್ಳಗಾಗುವ ಹೊತ್ತಿಗೆ, ಹಿಂಡಿನಲ್ಲಿ ಒಂದಿಷ್ಟು ಮಾರಿದ ರೊಕ್ಕಕ್ಕೆ, ಕಲ್ಲುಕುಟಿಗರು ಬಂದರು. ಹಳ್ಳದ ಎದೆಯ ಮೇಲೆ ಕಲ್ಲಿನ ಕಮಾನು ಏರಿತು. ಆ ಮಳೆಗಾಲ ಹಳ್ಳ ಹಿಂದೆಂದೂ ಇಲ್ಲದಂತೆ ಉಕ್ಕಿತು. ನೊರೆ ಕಾರಿತು, ಗುದ್ದಿತು, ಕಡೆಗೆ ಬಾಲ ಮುದುರಿಕೊಂಡು ಕಮಾನಿನ ಕೆಳಗೆ ಹಾದುಹೋಯಿತು. ಎರಡೂ ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ಮೊದಲು ಸೇತುವೆ ದಾಟಿದ್ದು ಯಾರು? ಕುರಿಗಳು! ಮುಂದೆ ಕಂಬಳಿ ಹೊದ್ದ ಕುರಿಗಾಹಿ, ಅವನ ಹಿಂದೆ ಹಿಂಡು, ಹಿಂಡಿನ ಹಿಂದೆ ಹಿಂಡು. ಈಚೆ ತುದಿ ಮುಗಿಯುವ ಮೊದಲೇ ಆಚೆ ತುದಿ ತುಂಬಿತು. ಗಂಡಸರು ಶಿಳ್ಳೆ ಹೊಡೆದರು. ಹೆಂಗಸರು ಕೈ ಎತ್ತಿ ಬೀಸಿದರು, ಅಷ್ಟೂ ಕೈಗಳಲ್ಲಿ ಅವಳು ತೊಡಿಸಿದ ಬಳೆಗಳು ಗಲಗಲ ಎಂದವು. ಭಲೇ ಬಳೆಗಾರ್ತಿ, ಭಲೇ!

ಕುರಿಗಳ ಹಿಂದೆಯೇ ಒಂದು ಬಂಡಿ ಬಂತು. ಒಳಗೆ ಬೇನೆ ತಿನ್ನುತ್ತಿದ್ದ ಹುಡುಗಿ, ವ್ಯಾಪಾರಿಯ ಸೊಸೆ. ಜನ ದಾರಿ ಬಿಟ್ಟರು. ಬಂಡಿ ಗಡಗಡ ಸೇತುವೆ ದಾಟಿತು. ಸೂಲಗಿತ್ತಿ ಆಚೆ ದಂಡೆಯಲ್ಲಿ ಕಾದಿದ್ದಳು. ಕೂಸು ಅತ್ತದ್ದು ಆಚೆ ದಂಡೆಯಲ್ಲಿ, ಕೇಕೆ ಎದ್ದದ್ದು ಎರಡೂ ದಂಡೆಯಲ್ಲಿ. ಬಳೆಗಾರ್ತಿ ಸೇತುವೆಯ ನಡುವೆ ನಿಂತು ತಂಗಿಯ ಹೆಸರು ಹಿಡಿದು ಕೂಗಿದಳು, ಗೆದ್ದೆನೇ, ಹಳ್ಳವನ್ನು ಗೆದ್ದೆನೇ ಎಂದು.

ವ್ಯಾಪಾರಿ ಓಡಿ ಬಂದು ಅವಳ ಕಾಲು ಮುಟ್ಟಿದ. ಕಣ್ಣಲ್ಲಿ ನೀರು ಇತ್ತು, ಸುಳ್ಳು ಹೇಳಬಾರದು. ಆದರೂ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಎದ್ದು ನಿಂತವನ ಕಣ್ಣು ಹಿಂಡಿನ ಮೇಲೆ ಹೋಯಿತು. “ಈಗ ಕುರಿಗೆ ಏನು ಬೆಲಿ ನಡದೈತಿ ತಂಗೀ?” ಎಂದು ಪಿಸುಗುಟ್ಟಿದ.

“ನನಗ ಗೊತ್ತಿಲ್ಲಣ್ಣಾ” ಎಂದು ಬಳೆಗಾರ್ತಿ ಬಿದ್ದು ಬಿದ್ದು ನಕ್ಕಳು.

ಅಜ್ಜ ಕತೆ ನಿಲ್ಲಿಸಿದರು. ಮಹಾನಂದಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ದಿನಕ್ಕೆ ಎಷ್ಟೋ ಬಸುರಿಯರ ಹೊಟ್ಟೆಯ ಮೇಲೆ ಕೈ ಇಟ್ಟವಳು. ಒಳಗಿನ ಜೀವ ಒದೆಯುವುದು ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಗಣಿ ಮುಚ್ಚೈತೇನು?” ಎಂದರು ಅಜ್ಜ. “ಬ್ಯಾಂಕು ಬಾಗಲ ಹಾಕ್ಯಾವೇನು? ಆ ದೇಶದ ಮಂದಿ ದಿನಸಿ ಕೊಳ್ಳೂದು ಬಿಟ್ಟಾರೇನು?”

“ಇಲ್ಲ ಅಜ್ಜಾರ. ಹೋದ ತಿಂಗಳ ಲಾಭದ ಪಾಲೂ ಬಂತು.” ಸೆರಗಿನೊಳಗಿನ ಕೈ ಮತ್ತೆ ಮೊಬೈಲನ್ನು ತಡಕಾಡಿತು. “ಆದರ ಬೆಲಿ ನಾಳೆ ಮತ್ತ ಬಿತ್ತಂದರ?”

ಅಜ್ಜ ಆರಿದ ರೊಟ್ಟಿಯ ತಾಟನ್ನು ಅವಳ ಮುಂದಕ್ಕೆ ಸರಿಸಿದರು.

“ತನ್ನ ಬೆಲಿ ಗೊತ್ತಾಗಿದ್ದರ ಆ ಕುರೀನೂ ಮೇವು ಬಿಡತಿತ್ತು ತಂಗೀ.”

ಮಹಾನಂದಾ ಮೊಬೈಲನ್ನು ಬಿಟ್ಟಳು. ಸೆರಗಿನಿಂದ ಕೈ ಹೊರಗೆ ತೆಗೆದು ರೊಟ್ಟಿ ಮುರಿದಳು.