ಹಳೆಯ ಸಾಮಾನಿಗೂ ಕುಂಕುಮ

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ, ಎಡವಿದರೆ ಕ್ಷಮಿಸಿ. ಶೇಷಗಿರಿ ರಾಯರ ಹಳೆಯ ಕಾರು ಸ್ವಲ್ಪ ದೂರ ಹೋದರೆ ಸಾಕು, ಬಿಸಿಯಾಗಿ ನಿಂತುಬಿಡುತ್ತಿತ್ತು. "ನಂಬಿಕಸ್ಥ ಗ್ಯಾರೇಜು ಹುಡುಕು. ಮತ್ತೆ ಮೋಸ ಹೋದರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದು ಅವರು ಡ್ರೈವರ್ ಮಹದೇವುವನ್ನು ಗದರಿದರು.

ಮೊದಲ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, "ರೇಡಿಯೇಟರ್, ವಾಟರ್ ಪಂಪು, ಎಲ್ಲಾ ಹೊಸದು ಹಾಕ್ಬೇಕು," ಎಂದ.

"ಹಾಕಿ ಅಣ್ಣಾ. ಬಿಚ್ಚಿದ್ದನ್ನೆಲ್ಲ ನನಗೇ ಕೊಡಿ. ನಮ್ಮ ರಾಯರು ಆಯುಧಪೂಜೆಗೆ ಹಳೇ ಸಾಮಾನಿಗೂ ಕುಂಕುಮ ಇಡ್ತಾರೆ."

ಹೊಸದು ಹಾಕದೆ ಹಾಕಿದೆ ಎನ್ನುವವನು ಹಳೆಯದನ್ನು ಎಲ್ಲಿಂದ ತಂದುಕೊಡುತ್ತಾನೆ? ಅದಕ್ಕೇ ಮಹದೇವು ಹಾಗೆ ಕೇಳಿದ್ದು. ಗ್ಯಾರೇಜಿನವನು ತಲೆ ಕೆರೆದುಕೊಂಡ. "ಪಂಪು ಇನ್ನೂ ಓಡುತ್ತೆ ಬಿಡಿ. ರೇಡಿಯೇಟರೂ ಪರವಾಗಿಲ್ಲ."

ಎರಡನೆಯ ಗ್ಯಾರೇಜಿನ ನಜೀರ್ ಸಾಬರು, "ಬೆಲ್ಟ್ ಒಂದೇ ಹೋಗಿರೋದು," ಎಂದರು. ಪೂಜೆಯ ಮಾತು ಕೇಳಿ, ಬಿಚ್ಚಿದ ಬೆಲ್ಟಿನ ಮಸಿ ಒರೆಸಿ ಕೈಗಿತ್ತರು. ಕಾರು ತಣ್ಣಗೆ ಮನೆ ಸೇರಿತು.

ನಡೆದದ್ದು ಕೇಳಿ ರಾಯರು ಕಣ್ಣರಳಿಸಿದರು. "ಹಳೇ ಸಾಮಾನಿಗೆ ನಾನ್ಯಾವಾಗ ಪೂಜೆ ಮಾಡಿದ್ದು?"

"ಮಾಡಿಲ್ಲ ಸ್ವಾಮಿ. ಅದೇನಂದ್ರೆ, ಪೂಜೆ ಅಂದ್ರೆ ಯಾರಿಗೂ ಅನುಮಾನ ಬರಲ್ಲ, ಆಮೇಲೆ..."

ಒಳಗಿನಿಂದ ಅಮ್ಮಾವ್ರು ಕೂಗಿದರು: "ಮಹದೇವೂ, ಬೇಗ ಬಾರೋ! ಫ್ರಿಜ್ ರಿಪೇರಿಯವನು ಬಂದಿದ್ದಾನೆ, ಎಲ್ಲಾ ಹೊಸದು ಹಾಕ್ಬೇಕಂತೆ!"