ರೆಕಾರ್ಡಿನೊಳಗಿನ ಗಿಟಾರ್

ಶಿಷ್ಯ ಕೇಳಿದ: "ಗುರುಗಳೇ, ನನ್ನ ಗಿಟಾರಿನ ನಾದ ಇನ್ನೂ ಹದಕ್ಕೆ ಬಂದಿಲ್ಲ. ಬರುವವರೆಗೆ ಜೊತೆಗಾರರೊಂದಿಗೆ ನುಡಿಸುವುದು ಬೇಡ ಎಂದುಕೊಂಡಿದ್ದೇನೆ. ಸರಿ ತಾನೇ?"

ಆ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಗುರುಗಳು ನೇರವಾಗಿಯೇ ಉತ್ತರ ಹೇಳಿದ್ದರು. ಕಲ್ಲಿನ ಮೇಲೆ ನೀರು ಸುರಿದಂತಾಗಿತ್ತು. ಈ ಸಲ ಕೈಯಲ್ಲಿದ್ದ ಗಿಟಾರನ್ನು ಗೋಡೆಗೆ ಒರಗಿಸಿ, "ಕೂತುಕೋ" ಎಂದು ಒಂದು ಕತೆ ಶುರು ಮಾಡಿದರು.

ಒಬ್ಬ ಗಿಟಾರ್ ವಾದಕನಿದ್ದ. ಅವನಿಗೆ ಒಂದು ಹಳೆಯ ರಾಕ್ ರೆಕಾರ್ಡಿನ ಹುಚ್ಚು. ಅದರೊಳಗಿನ ಗಿಟಾರ್ ಎದೆಗೆ ಬಂದು ಗುದ್ದುತ್ತಿತ್ತು. ಅದೇ ನಾದ ತನ್ನ ಕೈಯಲ್ಲೂ ಹುಟ್ಟಬೇಕೆಂದು ಹಟ ತೊಟ್ಟ. ಅವನ ತಂಡದಲ್ಲಿ ಬೇಸ್ ಗಿಟಾರಿನವನೊಬ್ಬ, ಡ್ರಮ್ಮಿನವನೊಬ್ಬ ಇದ್ದರು. ಮೂವರೂ ಭಾನುವಾರ ತಪ್ಪದೆ ಸೇರುತ್ತಿದ್ದರು.

"ನಿಮ್ಮ ಗದ್ದಲದಲ್ಲಿ ನನ್ನ ನಾದ ನನಗೇ ಕೇಳುವುದಿಲ್ಲ. ಅದು ಸಿದ್ಧವಾಗಲಿ, ಕರೆಯುತ್ತೇನೆ" ಎಂದ ಇವನು.

"ಎಷ್ಟು ದಿನ ಮಾರಾಯ?" ಎಂದ ಡ್ರಮ್ಮಿನವನು.

"ಅಡುಗೆ ಆಗದೆ ಯಾರಾದರೂ ಎಲೆ ಹಾಕುತ್ತಾರಾ?"

"ಸೌದೆ ತಂದವರು ನಾವೂ ಹೌದಲ್ಲವೇನಪ್ಪ" ಎಂದು ಅವನು ಎದ್ದುಹೋದ. ಬೇಸಿನವನೂ ಹಿಂದೆಯೇ ಹೋದ.

ಇವನು ಬಾಗಿಲು ಹಾಕಿಕೊಂಡ. ರೆಕಾರ್ಡಿನವರು ಬಳಸಿದಂಥದೇ ಆಂಪ್ಲಿಫೈಯರ್ ಹುಡುಕಿ ತಂದ. ನಾದ ತೆಳ್ಳಗೆ ಬಂತು. ನಾದವನ್ನು ಒರಟು ಮಾಡುವ ಪೆಡಲ್ ಡಬ್ಬಿಯೊಂದನ್ನು ಕಾಲಬುಡದಲ್ಲಿಟ್ಟ. ಆದರೂ ತೆಳ್ಳಗೇ. ದಪ್ಪ ಮಾಡಲು ಒಂದು, ಮೊಳಗಿಸಲು ಒಂದು, ಎರಡರ ಜಗಳ ಬಿಡಿಸಲು ಮತ್ತೊಂದು. ಹೀಗೆ ಪೆಡಲುಗಳು ಹನ್ನೊಂದಾದವು. ತಂತಿ ಬದಲಿಸಿದ, ಸ್ಪೀಕರ್ ಬದಲಿಸಿದ. ಗುಂಡಿಯನ್ನು ಕೂದಲೆಳೆಯಷ್ಟು ತಿರುವುವುದು, ರೆಕಾರ್ಡ್ ಹಾಕಿ ಕೇಳುವುದು, ತಲೆ ಚಚ್ಚಿಕೊಳ್ಳುವುದು. ಎರಡು ವರ್ಷ ಕಳೆಯಿತು. ನಾದ ದಪ್ಪವಾಯಿತು, ಆದರೆ ರಾಡಿಯೂ ಆಯಿತು. ಸ್ವರ ಯಾವುದು, ಗೊರಗೊರ ಯಾವುದು ತಿಳಿಯದಾಯಿತು.

ಕೊನೆಗೆ, ಆಂಪ್ಲಿಫೈಯರೇ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದ. ಅವನು ಹಿಂದೆ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿದ್ದ ಮುದುಕ. ಹಿಂಬದಿ ಬಿಚ್ಚಿ ನೋಡಿದ, ಮುಚ್ಚಿದ. ಹನ್ನೊಂದು ಪೆಡಲುಗಳನ್ನೂ ಕಾಲಿನಿಂದ ಪಕ್ಕಕ್ಕೆ ಸರಿಸಿ, ಗಿಟಾರಿನ ವೈರನ್ನು ನೇರ ಆಂಪ್ಲಿಫೈಯರಿಗೆ ಚುಚ್ಚಿ, "ನುಡಿಸಿ" ಎಂದ.

ಇವನು ನುಡಿಸಿದ. "ತೆಳ್ಳಗಿದೆಯಲ್ಲ" ಎಂದು ರೇಗಿದ.

"ತೆಳ್ಳಗೇ ಇರಬೇಕು ಸ್ವಾಮಿ. ಆ ರೆಕಾರ್ಡಿನಲ್ಲೂ ಗಿಟಾರ್ ಇರುವುದು ಇಷ್ಟೇ. ಅಡಿಯ ದಪ್ಪ ಬೇಸಿನದು. ಎದೆಗೆ ಬಂದು ತಾಗುವ ಗುದ್ದು ಡ್ರಮ್ಮಿನದು. ಮೂವರ ಕೆಲಸವನ್ನು ಹನ್ನೊಂದು ಡಬ್ಬಿಗಳ ಕೈಯಲ್ಲಿ ಮಾಡಿಸಲು ಹೊರಟಿದ್ದೀರಲ್ಲ, ಎಲ್ಲಿ ನಿಮ್ಮ ಜೊತೆಯವರು?"

ಇವನು ಚಪ್ಪಲಿಯನ್ನೂ ಮೆಟ್ಟದೆ ಡ್ರಮ್ಮಿನವನ ಮನೆಗೆ ಓಡಿದ. ಬೀದಿಯ ತಿರುವಿನಲ್ಲೇ ಕಾಲು ನಿಂತಿತು. ಎರಡು ವರ್ಷ ಹುಡುಕಿದ ನಾದ ಆ ಮನೆಯೊಳಗಿಂದ ಬರುತ್ತಿತ್ತು. ಕಿಟಕಿಯಲ್ಲಿ ಇಣುಕಿದ. ಡ್ರಮ್ಮಿನವನಿದ್ದ, ಬೇಸಿನವನಿದ್ದ. ಗಿಟಾರ್ ಹಿಡಿದವನು ಬೇರೊಬ್ಬ. ಅವನ ಮುಂದೆ ಒಂದು ಸಣ್ಣ ಆಂಪ್ಲಿಫೈಯರ್ ಇತ್ತು, ಪೆಡಲ್ ಒಂದೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ ಕೇಳಿದ: "ಗುರುಗಳೇ, ಆ ಸಣ್ಣ ಆಂಪ್ಲಿಫೈಯರ್ ಯಾವ ಕಂಪನಿಯದು?"

ಗುರುಗಳು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಕೇಳಿದರು:

"ನಿನ್ನ ಜೊತೆಗಾರರು ಇನ್ನೂ ಕಾಯುತ್ತಿದ್ದಾರೋ, ಇಲ್ಲವೋ?"