ಗುಬ್ಬಪ್ಪನ ಕತ್ತಿನ ಕಾಡಿಗೆ

ಬಾ ಮೇದಿನಿ, ಇಲ್ಲಿ ಕೂತುಕೋ. ತೊಟ್ಟಿಲು ನಾನು ತೂಗುತ್ತೇನೆ, ನೀನು ಕಥೆ ಕೇಳು. ಮೆಲ್ಲಗೆ ಹೂಂಗುಟ್ಟು, ತಮ್ಮ ಈಗ ತಾನೇ ಕಣ್ಣು ಮುಚ್ಚಿದ್ದಾನೆ. ಅವನು ಎದ್ದರೆ ನಿಮ್ಮಮ್ಮ ಅದಕ್ಕೂ ಈ ಅಜ್ಜಿಯನ್ನೇ ಹಿಡಿದುಕೊಳ್ಳುತ್ತಾಳೆ.

ಲೋಕ ಆಗ ತಾನೇ ಒಲೆಯಿಂದ ಇಳಿಸಿದ ಹಾಗೆ ಬೆಚ್ಚಗಿದ್ದ ಕಾಲ ಅದು. ನದಿಗಳಿಗೆ ದಾರಿ ಇನ್ನೂ ರೂಢಿಯಾಗಿರಲಿಲ್ಲ. ಬೆಟ್ಟಗಳು ಎಲ್ಲಿ ಕೂರಲಿ, ಎಲ್ಲಿ ಕೂರಲಿ ಎಂದು ಕೇಳಿಕೊಂಡು ತಿರುಗುತ್ತಿದ್ದವು. ಗಾಳಿ, ಹಲ್ಲಿ, ಅಳಿಲು, ಮನುಷ್ಯರು, ಎಲ್ಲರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು. ಅದರಿಂದ ಜಗಳವೂ ಜಾಸ್ತಿಯೇ ಇತ್ತು.

ಆಗ ಗಂಡುಗುಬ್ಬಿಗೂ ಹೆಣ್ಣುಗುಬ್ಬಿಗೂ ನೋಡುವುದಕ್ಕೆ ವ್ಯತ್ಯಾಸವೇ ಇರಲಿಲ್ಲ. ಇಬ್ಬರ ಕತ್ತೂ ಮಾಸಲು ಬಿಳಿ.

ಬೋರಮ್ಮ ಎನ್ನುವವಳ ಹಂಚಿನ ಮನೆಯ ತೊಲೆಯ ಸಂದಿನಲ್ಲಿ ಗುಬ್ಬಮ್ಮ, ಗುಬ್ಬಪ್ಪ ಸಂಸಾರ ಹೂಡಿದ್ದರು. ಮೂರು ಮರಿ. ದೊಡ್ಡವೆರಡು ದಿನವಿಡೀ ಬಾಯಿ ತೆರೆದುಕೊಂಡೇ ಇರುತ್ತಿದ್ದವು. ಕಿರಿಯವಳು ಚಿಟ್ಟಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹುಳು ತಂದು ಕೊಕ್ಕಿಗೆ ತಾಗಿಸಿದರೂ ತಲೆ ಆ ಕಡೆ ತಿರುಗಿಸುತ್ತಿದ್ದಳು. ಅವಳ ಮೈ ಸಣ್ಣಗೆ ನಡುಗುತ್ತಿತ್ತು.

ಈ ಮಗು ತನ್ನ ಕೈ ತಪ್ಪಿಹೋಗುತ್ತದೆ ಎನ್ನುವ ಹೆದರಿಕೆ ಗುಬ್ಬಮ್ಮನೊಳಗೆ ಹೊಕ್ಕಿತು. ಹೆದರಿಕೆ ಹೊಕ್ಕ ಮೇಲೆ ಅನುಮಾನ ಬರುವುದಕ್ಕೆ ಎಷ್ಟು ಹೊತ್ತು?

ಕೆಳಗೆ ಬೋರಮ್ಮನಿಗೂ ಒಂದು ಕೂಸಿತ್ತು. ಅವಳು ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಹಿಡಿದ ಮಸಿಯನ್ನು ಕೆರೆದು, ಎಣ್ಣೆ ಹನಿಸಿ ಕಾಡಿಗೆ ಮಾಡುತ್ತಿದ್ದಳು. ಕೂಸಿಗೆ ನೀರು ಹಾಕಿದ ಮೇಲೆ ಕೆನ್ನೆಗೊಂದು ದೃಷ್ಟಿಬೊಟ್ಟು. ಕೂಸು ಗುಂಡುಗುಂಡಾಗಿತ್ತು.

"ಹಾಗಾದರೆ ನನ್ನ ಚಿಟ್ಟಿಗೆ ಯಾರದೋ ಕಣ್ಣು ಬಿದ್ದಿದೆ" ಅಂದುಕೊಂಡಳು ಗುಬ್ಬಮ್ಮ. ಕೆಳಗಿಳಿದು ಕಾಡಿಗೆ ಕೇಳಿದಳು.

"ತಗೊಳವ್ವ, ಇದಕ್ಕೂ ಕೇಳ್ಬೇಕಾ?" ಎಂದು ಬೋರಮ್ಮ ಡಬ್ಬಿ ತೆರೆದಳು. "ಒಂದು ಮಾತು ತಿಳ್ಕೊ. ಇದು ಹರಳೆಣ್ಣೆ ಕಾಡಿಗೆ. ತಾನಾಗಿ ಹೋಗಲ್ಲ. ಯಾರಾದ್ರೂ ಒರೆಸಿದ್ರೆ ಅವರಿಗೇ ಹತ್ಕೊಳತ್ತೆ."

ಗುಬ್ಬಮ್ಮ ಮೂರು ಮರಿಗಳಿಗೂ ಕೆನ್ನೆಗೊಂದು ಬೊಟ್ಟು ಇಟ್ಟಳು. ಮರಿಗಳು ನಿದ್ದೆ ಹೋದ ಮೇಲೆ ಗಂಡನನ್ನು ಕರೆದು ಎಚ್ಚರಿಸಿದಳು. ಹಿಂದೊಮ್ಮೆ ಅವನು ಆತುರದಲ್ಲಿ ಒಳಗೆ ಬಂದು ದೊಡ್ಡ ಮರಿಯ ರೆಕ್ಕೆ ತುಳಿದಿದ್ದ. ಅದನ್ನು ಅವಳು ಮರೆತಿರಲಿಲ್ಲ.

"ನೋಡ್ರೀ, ಮಕ್ಕಳು ಮಲಗಿದ್ದಾಗ ಗೂಡಿಗೆ ಕಾಲಿಡಬೇಡಿ. ನಿಮ್ಮ ಕಾಲು ಎಲ್ಲಿ ಬೀಳತ್ತೆ ಅಂತ ನಿಮಗೇ ಗೊತ್ತಿರಲ್ಲ."

"ಆಯ್ತು ಕಣೇ" ಎಂದ ಗುಬ್ಬಪ್ಪ. ಅವನು ಎಲ್ಲದಕ್ಕೂ ಆಯ್ತು ಅನ್ನುವವನು.

ಗುಬ್ಬಮ್ಮ ಕಾಳು ಹುಡುಕಿಕೊಂಡು ಹೋಗಿ ಬಂದಳು. ದೊಡ್ಡವೆರಡರ ಬೊಟ್ಟು ಇಟ್ಟ ಹಾಗೇ ಇತ್ತು. ಚಿಟ್ಟಿಯ ಬೊಟ್ಟು ಮಾತ್ರ ಇರಲಿಲ್ಲ.

ಮತ್ತೆ ಇಟ್ಟಳು. ಮತ್ತೆ ಹೋಗಿತ್ತು. ಮಾರನೆಯ ದಿನ ಇನ್ನೂ ದಪ್ಪಗೆ ಇಟ್ಟಳು. ಅದೂ ಹೋಗಿತ್ತು.

ಯಾರೋ ಬೇಕೆಂದೇ ಮಾಡುತ್ತಿದ್ದಾರೆ. ಯಾರಿಗೋ ಈ ಮಗು ಉಳಿಯುವುದು ಬೇಕಾಗಿಲ್ಲ. ಗುಬ್ಬಮ್ಮನಿಗೆ ಹೀಗನ್ನಿಸಿದ್ದೇ ತಡ, ಕಾಳು ಹುಡುಕುವುದನ್ನು ಬಿಟ್ಟು ಕಪ್ಪು ಹುಡುಕುತ್ತಾ ಹೊರಟಳು.

ಮೊದಲು ಸಿಕ್ಕಿದ್ದು ಗೋಡೆಯ ಮೇಲಿನ ಹಲ್ಲಿ.

"ನಾಲಿಗೆ ತೋರಿಸು" ಎಂದಳು ಗುಬ್ಬಮ್ಮ.

"ಯಾಕೆ? ನೀನೇನು ವೈದ್ಯಳಾ?"

"ತೋರಿಸು ಅಂದ್ರೆ ತೋರಿಸು."

ಹಲ್ಲಿ ಉದ್ದಕ್ಕೆ ನಾಲಿಗೆ ಚಾಚಿತು. ಕಪ್ಪಿರಲಿಲ್ಲ. ತಿರುಗಿ ಬರುವಾಗ ಹಿಂದಿನಿಂದ ಅದು ಲೊಚ್ಚ್ ಎಂದಿತು. ಯಾಕೆ ಲೊಚಗುಟ್ಟಿತು ಎಂದು ಗುಬ್ಬಮ್ಮ ಅದಕ್ಕೊಂದಿಷ್ಟು ಹೊತ್ತು ಅನುಮಾನಪಟ್ಟಳು.

ಆಮೇಲೆ ಹಂಚಿನ ಸಂದಿನಲ್ಲಿ ನುಸುಳುತ್ತಿದ್ದ ಗಾಳಿಯನ್ನು ತಡೆದಳು. "ಸದ್ದಿಲ್ಲದೆ ಬಂದು ಹೋಗೋದು ನೀನೊಬ್ಬನೇ. ನಿನ್ನ ಕೈ ಎಲ್ಲಿ?"

"ನನಗೆಲ್ಲಿಯ ಕೈ ತಾಯಿ? ನಾನು ಮುಟ್ಟಿದರೆ ಬೊಟ್ಟು ಒಣಗುತ್ತದೆ, ಅಳಿಸುವುದಿಲ್ಲ" ಎಂದಿತು ಗಾಳಿ. ಹೋಗುವ ಮುಂಚೆ ನಿಂತು ಇನ್ನೊಂದು ಮಾತು ಹೇಳಿತು. "ಮಗುವಿಗೆ ಚಳಿಯಾಗಿದೆ. ಅದರ ಹತ್ತಿರ ಇರು."

"ಚಳಿ ತಂದವನೇ ನೀನು" ಎಂದು ಗುಬ್ಬಮ್ಮ ಅದನ್ನು ಅಟ್ಟಿಬಿಟ್ಟಳು.

ಇನ್ನು ಉಳಿದವಳು ಪಕ್ಕದ ನುಗ್ಗೆಮರದ ಅಳಿಲಮ್ಮ. ಚಿಟ್ಟಿ ಹುಟ್ಟಿದಾಗ ತನ್ನ ಮಕ್ಕಳ ಹಾಸಿಗೆಯಿಂದ ಹತ್ತಿ ಕಿತ್ತು ತಂದು ಹಾಸಿಕೊಟ್ಟವಳು ಅವಳು. ಆದರೆ ಅನುಮಾನದ ಕಣ್ಣಿಗೆ ಅದೆಲ್ಲ ಎಲ್ಲಿ ಕಾಣುತ್ತದೆ? ಗುಬ್ಬಮ್ಮನಿಗೆ ಕಂಡದ್ದು ಅವಳ ಬೆನ್ನಿನ ಬಿಳಿ ಗೆರೆಗಳ ನಡುವಿನ ಪಟ್ಟೆಗಳು. ಕಪ್ಪಾಗಿದ್ದವು.

"ಅಳಿಲಮ್ಮ, ಬೆನ್ನ ಮೇಲೆ ಅದೇನು ಕಪ್ಪು?"

"ಹುಟ್ಟಿದಾಗಿಂದ ಇರೋದು. ಇವತ್ತು ಕಾಣಿಸ್ತಾ ನಿನಗೆ?"

"ಗೂಡಿಗೆ ಬಂದು ಹೋಗೋರು ಇನ್ಯಾರಿದ್ದಾರೆ? ನನ್ನ ಮಗೂನ ಬೊಟ್ಟು ಒರೆಸಿ ಬೆನ್ನಿಗೆ ಬಳ್ಕೊಂಡಿಲ್ಲ ತಾನೇ?"

ಅಳಿಲಮ್ಮ ತಿನ್ನುತ್ತಿದ್ದ ಕಾಯನ್ನು ಕೆಳಗಿಟ್ಟಳು. ಹತ್ತಿ ವಾಪಸ್ಸು ಕೊಡು ಎಂದು ಕೇಳಲಿಲ್ಲ. ಬೈಯಲೂ ಇಲ್ಲ. ಸುಮ್ಮನೆ ಮರದ ಆ ಬದಿಗೆ ಹೋದಳು, ಆಮೇಲೆ ಗುಬ್ಬಮ್ಮನ ಕಡೆ ಬರಲೇ ಇಲ್ಲ. ಇಂಥ ಮಾತು ಆಡಿದರೆ ಎಂಥವರಿಗೂ ನೋಯುತ್ತದೆ ಮೇದಿನಿ. ನನಗೆ ಗೊತ್ತು.

ಹೀಗೆ ಊರೆಲ್ಲ ತಪಾಸಣೆ ಮಾಡಿದ ಗುಬ್ಬಮ್ಮ ಗಂಡನನ್ನು ಮಾತ್ರ ಕೇಳಲಿಲ್ಲ. ಅವಳ ಪ್ರಕಾರ ಅವನು ಮಕ್ಕಳ ಹತ್ತಿರ ಸುಳಿಯುವ ಪೈಕಿಯೇ ಅಲ್ಲ. ಅವನ ಮೇಲಿದ್ದ ಅನುಮಾನವೇ ಬೇರೆ. ಅವನು ಈಚೆಗೆ ಹಿತ್ತಲಿನ ಮಣ್ಣಿನಲ್ಲಿ ಬಿದ್ದು ಹೊರಳುತ್ತಿದ್ದ. ಗುಂಡಿ ಮಾಡಿಕೊಂಡು, ಕತ್ತು ಚಾಚಿ, ಧೂಳು ಎರಚಿಕೊಂಡು ಉಜ್ಜಿಯೇ ಉಜ್ಜುತ್ತಿದ್ದ. ಮನೆಗೆ ಬಂದರೆ ಗದ್ದ ಎದೆಗೆ ಒತ್ತಿಕೊಂಡು ಮಾತಾಡುತ್ತಿದ್ದ.

"ಏನ್ರೀ ಇದು, ಹೊತ್ತಿಲ್ಲ ಗೊತ್ತಿಲ್ಲ, ಮಣ್ಣಲ್ಲಿ ಹೊರಳೋದು?"

"ಸೆಕೆ ಕಣೇ."

"ಮೋಡ ಕವಿದಿದೆ, ಸೆಕೆಯಂತೆ. ತಲೆ ಎತ್ತಿ ಮಾತಾಡಿ."

"ಕತ್ತು ಉಳುಕಿದೆ ಕಣೇ."

ಎಲ್ಲೋ ಕೂತು ಸೋಮಾರಿತನ ಮಾಡಿ ಬರುತ್ತಾರೆ, ಅದಕ್ಕೇ ಮುಖ ತೋರಿಸಲು ನಾಚಿಕೆ ಎಂದುಕೊಂಡು ಗುಬ್ಬಮ್ಮ ಸಿಟ್ಟಿನಲ್ಲಿ ಹಾರಿಹೋದಳು.

ಅಷ್ಟರಲ್ಲಿ ಚಿಟ್ಟಿ ಇನ್ನೂ ಸೊರಗಿದ್ದಳು. ತಾಯಿ ದಿನವಿಡೀ ಕಂಡಕಂಡವರ ಮೈ ನೋಡುತ್ತಾ ತಿರುಗುತ್ತಿದ್ದರೆ ಮಗುವಿನ ಮೈ ಬೆಚ್ಚಗಿಡುವವರು ಯಾರು?

ಕೊನೆಗೊಂದು ಮಧ್ಯಾಹ್ನ ಗುಬ್ಬಮ್ಮ ಉಪಾಯ ಮಾಡಿದಳು. ಮರಿಗಳಿಗೆ ಕಾಡಿಗೆ ಇಟ್ಟು, "ಹೋಗಿ ಬರ್ತೀನಿ" ಎಂದು ಗಟ್ಟಿಯಾಗಿ ಹೇಳಿ, ಹೊರಗೆ ಹಾರಿದ ಹಾಗೆ ಮಾಡಿ, ಹಿಂದಿನಿಂದ ಬಂದು ತೊಲೆಯ ಮರೆಯಲ್ಲಿ ಅಡಗಿ ಕೂತಳು.

ಸ್ವಲ್ಪ ಹೊತ್ತಿಗೆ ಸಂದಿನಲ್ಲಿ ನೆರಳಾಡಿತು. ಯಾರೋ ಒಳಗೆ ಬಂದರು. ಒಂದೊಂದೇ ಹೆಜ್ಜೆ, ತಡೆದು ತಡೆದು. ದೊಡ್ಡವೆರಡನ್ನು ಸುತ್ತಿ, ನೇರವಾಗಿ ಚಿಟ್ಟಿಯ ಹತ್ತಿರ ಹೋಗಿ ಅವಳ ಮೇಲೆ ಬಾಗಿದರು. ಚಿಟ್ಟಿ ಕ್ಷೀಣವಾಗಿ ಕುಂಯ್ ಅಂದಳು.

ಗುಬ್ಬಮ್ಮ ಯಾರು ಏನು ಎಂದು ನೋಡಲಿಲ್ಲ. ರೊಯ್ಯನೆ ಬಂದು ಆ ಬೆನ್ನನ್ನು ಕುಕ್ಕಿದಳು. ಕುಕ್ಕಿ ಕುಕ್ಕಿ ಪುಕ್ಕ ಕಿತ್ತಳು. ಬಂದವನು ಅಲುಗಲಿಲ್ಲ. ಓಡಲೂ ಇಲ್ಲ, ತಿರುಗಿ ಕುಕ್ಕಲೂ ಇಲ್ಲ.

"ಮೆಲ್ಲಗೆ ಕಣೇ" ಎಂದ ಅವನು. "ಈಗ ತಾನೇ ನಿದ್ದೆ ಹತ್ತಿದೆ. ನಾನು ಎದ್ದರೆ ಮಗು ಎಚ್ಚರ ಆಗತ್ತೆ."

ಗುಬ್ಬಪ್ಪ. ಅವನ ಗದ್ದದ ಕೆಳಗೆ, ಕತ್ತಿಗೆ ಕೆನ್ನೆ ಒತ್ತಿಕೊಂಡು ಚಿಟ್ಟಿ ಮಲಗಿದ್ದಳು. ಅವಳ ಮೈ ನಡುಗುತ್ತಿರಲಿಲ್ಲ.

ಗುಬ್ಬಮ್ಮ ಮೆಲ್ಲಗೆ ಮುಂದೆ ಬಂದು ಅವನ ಕತ್ತು ನೋಡಿದಳು. ಗದ್ದದಿಂದ ಎದೆಯವರೆಗೆ ಕಾಡಿಗೆ ಕಪ್ಪಗೆ ಹತ್ತಿಕೊಂಡಿತ್ತು. ದಿನದಿನದ ಬೊಟ್ಟುಗಳೆಲ್ಲ ಅಲ್ಲಿದ್ದವು. ಮಣ್ಣಿನಲ್ಲಿ ಉಜ್ಜಿದ್ದಕ್ಕೆ ಇನ್ನಷ್ಟು ಹರಡಿಕೊಂಡಿದ್ದವು.

"ದಿನಾ ಬರ್ತಿದ್ರಾ?"

"ನೀನು ಹೋದ ತಕ್ಷಣ ನಡುಗೋದಕ್ಕೆ ಶುರು ಮಾಡ್ತಾಳೆ. ನೋಡೋಕಾಗಲ್ಲ ಕಣೇ. ಹೀಗಿಟ್ಟುಕೊಂಡರೆ ಸುಮ್ಮನಾಗ್ತಾಳೆ. ಕಾಲು ನೋಡಿಕೊಂಡೇ ಇಡ್ತೀನಿ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ" ಎಂದು ಗುಬ್ಬಮ್ಮ ಒಪ್ಪಿಕೊಂಡಳು. ಅವಳಿಗೆ ಅಳು ಬಂತು. ತಾನು ಕುಕ್ಕಿದ ಜಾಗವನ್ನು ಕೊಕ್ಕಿನಿಂದ ಒಪ್ಪಮಾಡಿದಳು. ಆಮೇಲೆ ಚಿಟ್ಟಿಯ ಇನ್ನೊಂದು ಪಕ್ಕಕ್ಕೆ ಬಂದು ಒತ್ತಿ ಕೂತಳು. ಹೊತ್ತು ಇಳಿಯುವವರೆಗೆ ಇಬ್ಬರೂ ಹಾಗೇ ಕೂತಿದ್ದರು. ಎಚ್ಚರವಾದ ಚಿಟ್ಟಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ದೊಡ್ಡದಾಗಿ ಬಾಯಿ ತೆರೆದಳು. ಹಸಿವೆಯಂತೆ.

ಮರಿಗೆ ಉಣ್ಣಿಸಿ ಗುಬ್ಬಮ್ಮ ನೇರ ನುಗ್ಗೆಮರಕ್ಕೆ ಹೋದಳು. "ತಪ್ಪಾಯ್ತು ಅಳಿಲಮ್ಮ" ಎಂದಳು.

"ಹೊಟ್ಟೆ ಕಡೆನೂ ಒಂದ್ಸಲ ನೋಡ್ಕೊಂಡು ಹೋಗು, ಆಮೇಲೆ ನೆನಪಾದೀತು" ಎಂದಳು ಅಳಿಲಮ್ಮ. ಆದರೆ ಮರದ ಈ ಬದಿಗೆ ಬಂದು ಹೇಳಿದಳು.

ಅವತ್ತಿನಿಂದ ಗುಬ್ಬಮ್ಮ ಮರಿಗಳಿಗೆ ಬೊಟ್ಟು ಇಡಲಿಲ್ಲ. ಗುಬ್ಬಪ್ಪನಿಗೆ ಕತ್ತು ಉಜ್ಜಲೂ ಬಿಡಲಿಲ್ಲ. "ಇರಲಿ ಬಿಡ್ರೀ. ಇಡೀ ಮನೆಗೆ ಇದೊಂದು ಬೊಟ್ಟು ಸಾಕು" ಎಂದಳು.

ಅದಕ್ಕೇ ಮೇದಿನಿ, ಗಂಡುಗುಬ್ಬಿಯ ಕತ್ತಿನ ಕೆಳಗೆ ಇವತ್ತಿಗೂ ಕಪ್ಪಿರುತ್ತದೆ. ಅವನು ಈಗಲೂ ಮಣ್ಣು ಕಂಡರೆ ಹಳೆಯ ಅಭ್ಯಾಸದಲ್ಲಿ ಹೊರಳುತ್ತಾನೆ, ಕಪ್ಪು ಮಾತ್ರ ಹೋಗಿಲ್ಲ. ಹೆಣ್ಣುಗುಬ್ಬಿ ಈಗಲೂ ಗೂಡಿಗೆ ನೇರ ಹೋಗುವುದಿಲ್ಲ, ಪಕ್ಕದಲ್ಲಿ ಕೂತು ಆ ಕಡೆ ಈ ಕಡೆ ಕತ್ತು ಹೊರಳಿಸಿ, ಎಲ್ಲರನ್ನೂ ಒಮ್ಮೆ ನೋಡಿಯೇ ಒಳಗೆ ಹೋಗುತ್ತಾಳೆ.

ತೊಟ್ಟಿಲಲ್ಲಿ ನೋಡು, ನಿನ್ನ ತಮ್ಮನ ಕೆನ್ನೆಯ ಬೊಟ್ಟು ಇವತ್ತೂ ಅಳಿಸಿದೆ. ನಿಮ್ಮಮ್ಮ ಬೆಳಗ್ಗಿನಿಂದ ನನ್ನ ಸೆರಗನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಅಗೋ, ನಿಮ್ಮಪ್ಪ ಬಚ್ಚಲಿನಿಂದ ಬಂದ, ಈ ಹೊತ್ತಿನಲ್ಲಿ ಯಾತಕ್ಕೆ ಮುಖ ತೊಳೆದನೋ. ಹೋಗು, ಎತ್ತಿಕೋ ಅನ್ನು, ಎತ್ತಿಕೊಂಡಾಗ ಅವನ ಗದ್ದದ ಕೆಳಗೆ ನೋಡಿಕೊಂಡು ಬಾ.